ವೈಫೈ ಬರವಲ್ದು ಅಂದಾಗ ನೋಡಬೇಕಾದ್ದು: ಲಿನಕ್ಸ್ ಲ್ಯಾಪ್‌ಟಾಪ್ ಮತ್ತು ವೈರ್‌ಲೆಸ್ ಕಾರ್ಡ್

(ವಿಜಯಪುರದಲ್ಲಿ ವಿದ್ಯಾರ್ಥಿಗಳು ಮತ್ತು ಲ್ಯಾಪ್‌ಟಾಪ್ ರಿಪೇರಿ ಮಾಡುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳಿದ ಹಾಗೆಯೇ ಬರೆದಿದೆ.)

ಹೊಸದಾಗಿ ಲಿನಕ್ಸ್ ಹಾಕಿಕೊಂಡವರು ಫೋನ್ ಮಾಡಿ ಹೇಳುವ ಮಾತು ನಿಮಗೆಲ್ಲ ಗೊತ್ತಿದೆ: "ಎಲ್ಲಾ ಛಲೋ ಐತ್ರಿ, ವೈಫೈ ಒಂದ ಬರವಲ್ದು." ನಾವು ತಿರುಗಿ ಕೇಳುವುದು, "ಯಾವ ಲ್ಯಾಪ್‌ಟಾಪ್?" ಈ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಒಂದೇ ಮಾಡೆಲ್ ಹೆಸರಿನಲ್ಲಿ ಒಂದು ಸರಕಿಗೆ ಇಂಟೆಲ್ ಕಾರ್ಡ್, ಇನ್ನೊಂದಕ್ಕೆ ರಿಯಲ್‌ಟೆಕ್, ಮತ್ತೊಂದಕ್ಕೆ ಮೀಡಿಯಾಟೆಕ್ ಹಾಕಿ ಕಂಪನಿಗಳು ಮಾರುತ್ತವೆ. ನಿಮ್ಮ ಗೆಳೆಯನ ಯಂತ್ರದಲ್ಲಿ ನಡೆದದ್ದು ಅದೇ ಮಾಡೆಲ್ಲಿನ ನಿಮ್ಮ ಯಂತ್ರದಲ್ಲಿ ನಡೆಯಬೇಕೆಂದಿಲ್ಲ. ಕೇಳಬೇಕಾದದ್ದು ಮೂರು: ಕಾರ್ಡಿನ ಚಿಪ್ ಯಾವುದು, ಲಿನಕ್ಸಿನ ತಿರುಳಾದ ಕರ್ನಲ್ ಎಷ್ಟನೆಯ ಆವೃತ್ತಿಯದು, ಕಾರ್ಡಿಗೆ ಬೇಕಾದ ಫರ್ಮ್‌ವೇರ್ ಕಡತ ಇದೆಯೋ ಇಲ್ಲವೋ.

ಟರ್ಮಿನಲ್ ತೆಗೆದು ಹೀಗೆ ಹೊಡೆಯಿರಿ: ಎಲ್‌ಎಸ್‌ಪಿಸಿಐ, ಒಂದು ಸ್ಪೇಸ್, ಹೈಫನ್, ಎನ್‌ಎನ್‌ಕೆ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ "ನೆಟ್‌ವರ್ಕ್ ಕಂಟ್ರೋಲರ್" ಎಂದು ಶುರುವಾಗುವ ಸಾಲನ್ನು ಹುಡುಕಿ. "ಎತರ್ನೆಟ್ ಕಂಟ್ರೋಲರ್" ಎಂದಿರುವುದು ವೈರಿನ ಲ್ಯಾನ್. ಅಲ್ಲಿ ಕಾಣುವ ರಿಯಲ್‌ಟೆಕ್ 8111 ಅಥವಾ 8168 ನೋಡಿ, ಅದೇ ವೈಫೈ ಎಂದುಕೊಂಡು ಅದರ ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಂ) ಹುಡುಕುತ್ತ ಒಂದು ಸಂಜೆ ಕಳೆಯುವವರು ಬಹಳ ಮಂದಿ.

ನೆಟ್‌ವರ್ಕ್ ಕಂಟ್ರೋಲರ್ ಸಾಲಿನ ಕೊನೆಗೆ ಚೌಕ ಆವರಣದಲ್ಲಿ ನಾಲ್ಕು ಅಂಕಿ, ಒಂದು ಕೋಲನ್, ಮತ್ತೆ ನಾಲ್ಕು ಅಂಕಿ ಇರುತ್ತವೆ. ಅದೇ ಕಾರ್ಡಿನ ಐಡಿ. ಮೊದಲ ಭಾಗ ಕಂಪನಿಯದು: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಅಥೆರಾಸ್, 17ಸಿಬಿ ಹೊಸ ಕ್ವಾಲ್‌ಕಾಮ್, 14ಸಿ3 ಮೀಡಿಯಾಟೆಕ್. ಎರಡನೆಯ ಭಾಗ ಚಿಪ್ಪಿನದು. ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಲ್ಯಾಪ್‌ಟಾಪಿನ ಹೆಸರು ಬಿಟ್ಟು ಈ ಎಂಟು ಅಕ್ಷರ ಹಾಕಿ, ಉತ್ತರ ಬೇಗ ಸಿಗುತ್ತದೆ.

ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲು ಇದೆಯೇ ನೋಡಿ. ಇಲ್ಲಿಂದ ದಾರಿ ಕವಲೊಡೆಯುತ್ತದೆ. ಕಾರ್ಡಿನ ಸಾಲೇ ಇಲ್ಲದಿದ್ದರೆ ಯಂತ್ರಕ್ಕೇ ಕಾರ್ಡ್ ಕಾಣುತ್ತಿಲ್ಲ: ಬಯೋಸ್‌ನಲ್ಲಿ (ಓಎಸ್‌ಗಿಂತ ಮೊದಲು ಸಿಗುವ ಸೆಟ್ಟಿಂಗ್ ಪರದೆ) ಬಂದ್ ಆಗಿದೆ, ಸ್ಲಾಟಿನಲ್ಲಿ ಸರಿಯಾಗಿ ಕೂತಿಲ್ಲ, ಸುಟ್ಟಿದೆ, ಇಲ್ಲವೇ ಆ ಸ್ಲಾಟಿಗೆ ಒಗ್ಗದ ಕಾರ್ಡ್. ಡ್ರೈವರಿನ ಮಾತು ಇನ್ನೂ ಬಂದೇ ಇಲ್ಲ. ಕಾರ್ಡ್ ಇದೆ, "ಇನ್ ಯೂಸ್" ಸಾಲಿಲ್ಲ ಎಂದರೆ ಡ್ರೈವರ್ ಇಲ್ಲ, ಅಥವಾ ಕರ್ನಲ್ ಹಳೆಯದು. ಡ್ರೈವರೂ ಇದೆ, ಆದರೆ "ಐಪಿ ಲಿಂಕ್" ಹೊಡೆದಾಗ ಡಬ್ಲ್ಯೂಎಲ್ ಎಂದು ಶುರುವಾಗುವ ಹೆಸರು ಇಲ್ಲವೆಂದರೆ ಬಹುತೇಕ ಫರ್ಮ್‌ವೇರ್ ಕೊರತೆ. ಆ ಹೆಸರೂ ಇದೆ, ಒಂದೂ ನೆಟ್‌ವರ್ಕ್ ತೋರಿಸುತ್ತಿಲ್ಲ ಎಂದರೆ ಆರ್‌ಎಫ್‌ಕಿಲ್ (ರೇಡಿಯೋವನ್ನು ಬಂದ್ ಮಾಡುವ ಸ್ವಿಚ್), ಆಂಟೆನಾ ಅಥವಾ ಚಾನೆಲ್.

ಬ್ಲೂಟೂತ್ ನಡೆಯುತ್ತಿದೆ, ಹಾಗಾದರೆ ಕಾರ್ಡ್ ಸರಿ ಇದೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಈ ಕಾರ್ಡುಗಳಲ್ಲಿ ವೈಫೈ ಪಿಸಿಐಇ ತಂತಿಗಳ ಮೇಲೆ, ಬ್ಲೂಟೂತ್ ಅದೇ ಸ್ಲಾಟಿನ ಯುಎಸ್‌ಬಿ ತಂತಿಗಳ ಮೇಲೆ ಓಡುತ್ತದೆ. ಒಂದು ಸತ್ತು ಇನ್ನೊಂದು ಬದುಕಿರಬಹುದು. ಬ್ಲೂಟೂತ್ ನೋಡಲು ಎಲ್‌ಎಸ್‌ಯುಎಸ್‌ಬಿ ಎಂಬ ಕಮಾಂಡ್ ಬೇಕು.

ಈಗ ಫರ್ಮ್‌ವೇರ್. ಡ್ರೈವರ್ ನಿಮ್ಮ ಪ್ರೊಸೆಸರಿನ ಮೇಲೆ ನಡೆಯುವ ಪ್ರೋಗ್ರಾಂ, ಫರ್ಮ್‌ವೇರ್ ಕಾರ್ಡಿನೊಳಗಿನ ಸಣ್ಣ ಪ್ರೊಸೆಸರಿನ ಮೇಲೆ ನಡೆಯುವ ಪ್ರೋಗ್ರಾಂ. ಡ್ರೈವರ್ ಬಹುತೇಕ ಮುಕ್ತ ತಂತ್ರಾಂಶ, ಕರ್ನಲ್ ಜೊತೆಗೇ ಬರುತ್ತದೆ. ಫರ್ಮ್‌ವೇರನ್ನು ಕಂಪನಿಗಳು ಮೂಲ ಕೋಡ್ ಇಲ್ಲದೆ ಕಡತವಾಗಿ ಮಾತ್ರ ಕೊಡುತ್ತವೆ. ಇದೇ ಕಾರಣಕ್ಕೆ ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋ (ಲಿನಕ್ಸಿನ ಒಂದು ರೂಪ) ಬಹುಕಾಲ ತನ್ನ ಅಧಿಕೃತ ಇನ್‌ಸ್ಟಾಲರಿನಲ್ಲಿ ಅದನ್ನು ಇಡಲೇ ಇಲ್ಲ. 2022ರಲ್ಲಿ ಡೆಬಿಯನ್ ಡೆವಲಪರುಗಳು ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರಿನೊಳಗೇ ಇದೆ. ಕಪಾಟಿನಲ್ಲಿ ಡೆಬಿಯನ್ 11ರ ಹಳೆಯ ಪೆನ್‌ಡ್ರೈವ್ ಇಟ್ಟುಕೊಂಡು "ಡೆಬಿಯನ್‌ನಾಗ ವೈಫೈ ಬರೂದಿಲ್ರಿ" ಅನ್ನುವವರು ಹೊಸದನ್ನು ಇಳಿಸಿಕೊಂಡರೆ ಸಾಕು.

ಕೊರತೆ ಇದೆಯೋ ಇಲ್ಲವೋ ತಿಳಿಯಲು ಕರ್ನಲ್ಲಿನ ಸಂದೇಶ ತೋರಿಸುವ ಸುಡೊ, ಸ್ಪೇಸ್, ಡಿಎಮ್‌ಇಎಸ್‌ಜಿ ಹೊಡೆದು, ಗ್ರೆಪ್‌ನಿಂದ "ಫರ್ಮ್‌ವೇರ್" ಪದ ಹುಡುಕಿ. "ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫೇಲ್ಡ್ ವಿತ್ ಎರರ್ ಮೈನಸ್ 2" ಎಂದು ಬಂದರೆ ಆ ಹೆಸರಿನ ಕಡತ ಡಿಸ್ಕಿನಲ್ಲಿ ಇಲ್ಲ ಎಂದರ್ಥ. ಇಂಟೆಲ್ ಕಾರ್ಡಿನಲ್ಲಿ ಇದನ್ನು ಎಚ್ಚರಿಕೆಯಿಂದ ಓದಬೇಕು. ಐಡಬ್ಲ್ಯೂಎಲ್‌ವೈಫೈ ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯಿಂದ ಶುರು ಮಾಡಿ ಒಂದೊಂದೇ ಕೆಳಗಿಳಿಯುತ್ತ ಹುಡುಕುತ್ತದೆ. ಮೊದಲ ನಾಲ್ಕಾರು ಸಾಲು "ಫೇಲ್ಡ್" ಎಂದೇ ಇದ್ದರೂ, ಕೊನೆಗೆ "ಲೋಡೆಡ್ ಫರ್ಮ್‌ವೇರ್ ವರ್ಷನ್" ಎಂಬ ಸಾಲು ಕಂಡರೆ ಅಲ್ಲಿ ತೊಂದರೆಯೇ ಇಲ್ಲ. ಕೆಂಪು ಅಕ್ಷರ ನೋಡಿದ ಕೂಡಲೇ ಓಎಸ್ ತೆಗೆದು ಮತ್ತೆ ಹಾಕಲು ಹೋಗಬೇಡಿ.

ಡೆಬಿಯನ್‌ನಲ್ಲಿ ಪ್ಯಾಕೇಜುಗಳು ಬೇರೆ ಬೇರೆ: ಫರ್ಮ್‌ವೇರ್ ಹೈಫನ್ ಐಡಬ್ಲ್ಯೂಎಲ್‌ವೈಫೈ, ಫರ್ಮ್‌ವೇರ್ ಹೈಫನ್ ರಿಯಲ್‌ಟೆಕ್, ಫರ್ಮ್‌ವೇರ್ ಹೈಫನ್ ಅಥೆರಾಸ್, ಹೀಗೆ. ಉಬುಂಟು, ಮಿಂಟ್‌ನಲ್ಲಿ ಲಿನಕ್ಸ್ ಹೈಫನ್ ಫರ್ಮ್‌ವೇರ್ ಎಂಬ ಒಂದೇ ದೊಡ್ಡ ಗಂಟು.

ವೈಫೈ ಇಲ್ಲದೆ ಇದನ್ನು ಇಳಿಸುವುದು ಹೇಗೆ? ಹೊಸ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಲ್ಯಾನ್ ಪೋರ್ಟೇ ಇರುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ಲಿನಕ್ಸ್ ಅದನ್ನು ವೈರಿನ ನೆಟ್‌ವರ್ಕ್ ಎಂದೇ ತಿಳಿಯುತ್ತದೆ, ಬೇರೆ ಡ್ರೈವರ್ ಬೇಡ. ಫೋನ್ ಮನೆಯ ವೈಫೈನಲ್ಲಿದ್ದರೆ ಆ ವೈಫೈಯೇ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಬರುತ್ತದೆ, ನಿಮ್ಮ ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಚಾರ್ಜಿಂಗ್ ಮಾತ್ರ ಮಾಡುವ ಅಗ್ಗದ ಕೇಬಲ್‌ಗಳಿವೆ. ಟೆದರಿಂಗ್ ಆಯ್ಕೆ ಮಸುಕಾಗಿ ಕಂಡರೆ ಮೊದಲು ಕೇಬಲ್ ಬದಲಿಸಿ.

ಇನ್ನು ಒಂದೊಂದೇ ಕಂಪನಿ. ಇಂಟೆಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 7260, 8265, 9260, ಎಎಕ್ಸ್200, ಎಎಕ್ಸ್210 ಎಲ್ಲಕ್ಕೂ ಕರ್ನಲ್ಲಿನಲ್ಲೇ ಡ್ರೈವರ್ ಇದೆ. ಎಎಕ್ಸ್200ಕ್ಕೆ ಕರ್ನಲ್ 5.1, ಎಎಕ್ಸ್210ಕ್ಕೆ 5.10 ಅಥವಾ ಅದರ ಮೇಲಿನದು ಬೇಕು. ಅಥೆರಾಸ್‌ನ ಹಳೆಯ ಕಾರ್ಡುಗಳು, ಅಂದರೆ ಎಆರ್9285, ಎಆರ್9485, ಎಆರ್9462, ಎಟಿಎಚ್9ಕೆ ಡ್ರೈವರಿನಲ್ಲಿ ಓಡುತ್ತವೆ. ಇವುಗಳಿಗೆ ಫರ್ಮ್‌ವೇರ್ ಕಡತವೇ ಬೇಡ. ಟ್ರಿಸ್ಕೆಲ್‌ನಂಥ, ಮುಚ್ಚಿದ ಫರ್ಮ್‌ವೇರ್ ಒಂದನ್ನೂ ಇಟ್ಟುಕೊಳ್ಳದ ವ್ಯವಸ್ಥೆ ಬಳಸುವವರಿಗೆ ಇವೇ ಗತಿ. ವೇಗ ಇವತ್ತಿನ ಲೆಕ್ಕಕ್ಕೆ ಕಡಿಮೆ, 9285 ಮತ್ತು 9485ಕ್ಕೆ 5 ಗಿಗಾಹರ್ಟ್ಸ್ ಬರುವುದಿಲ್ಲ. ಆದರೆ ಕಿರಿಕಿರಿ ಇಲ್ಲ.

ಕಿರಿಕಿರಿ ಬೇಕೆಂದರೆ ಬ್ರಾಡ್‌ಕಾಮ್ ಇದೆ. ಬಿಸಿಎಮ್43142, ಐಡಿ 14ಇ4 ಕೋಲನ್ 4365. ಸುಮಾರು ಹತ್ತು ವರ್ಷ ಹಳೆಯ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಇದು ತುಂಬಿ ತುಳುಕುತ್ತದೆ, ಸೆಕೆಂಡ್ ಹ್ಯಾಂಡ್ ಅಂಗಡಿಯವರು ದಿನಾ ನೋಡುತ್ತೀರಿ. ಕರ್ನಲ್ಲಿನ ಯಾವ ಮುಕ್ತ ಡ್ರೈವರೂ ಇದನ್ನು ನಡೆಸುವುದಿಲ್ಲ. ಬ್ರಾಡ್‌ಕಾಮ್ ಕೊಟ್ಟ ಡಬ್ಲ್ಯೂಎಲ್ ಎಂಬ ಮುಚ್ಚಿದ ಡ್ರೈವರ್ ಒಂದೇ ದಾರಿ. ಉಬುಂಟುವಿನಲ್ಲಿ "ಅಡಿಷನಲ್ ಡ್ರೈವರ್ಸ್" ಕಿಟಕಿಯಲ್ಲಿ, ಮಿಂಟ್‌ನಲ್ಲಿ "ಡ್ರೈವರ್ ಮ್ಯಾನೇಜರ್"ನಲ್ಲಿ, ಫೆಡೊರಾದಲ್ಲಿ ಆರ್‌ಪಿಎಮ್ ಫ್ಯೂಷನ್‌ನಲ್ಲಿ ಸಿಗುತ್ತದೆ. ಬ್ರಾಡ್‌ಕಾಮ್ ಇದರ ಕೊನೆಯ ಆವೃತ್ತಿ ಕೊಟ್ಟದ್ದು 2015ರಲ್ಲಿ. ಅಲ್ಲಿಂದ ಈಚೆಗೆ ಹೊಸ ಕರ್ನಲ್ ಬಂದಾಗಲೆಲ್ಲ ಡಿಸ್ಟ್ರೋದವರೇ ತೇಪೆ ಹಾಕಿ ನಡೆಸುತ್ತಿದ್ದಾರೆ. ಆದ್ದರಿಂದಲೇ ನಿನ್ನೆ ನಡೆದ ವೈಫೈ ಇವತ್ತು ಅಪ್‌ಡೇಟ್ ಆದ ಮೇಲೆ ನಿಲ್ಲುತ್ತದೆ. ಇದರ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರ್ಡ್ ತೆಗೆದು ಹಳೆಯ ಇಂಟೆಲ್ ಹಾಕಿ. ಕೆಟ್ಟು ಮಲಗಿದ ಯಂತ್ರಗಳಿಂದ ಬಿಚ್ಚಿದ ಕಾರ್ಡುಗಳು ಅಂಗಡಿಯ ಡಬ್ಬಿಯಲ್ಲೇ ಬಿದ್ದಿರುತ್ತವೆ.

ಡಬ್ಲ್ಯೂಎಲ್‌ನಂಥ ಹೊರಗಿನ ಡ್ರೈವರ್ ಹಾಕಿದಾಗ ಇನ್ನೆರಡು ಕಡೆ ಎಡವುತ್ತೀರಿ. ಡಿಕೆಎಮ್‌ಎಸ್ ಎಂಬುದು ಪ್ರತಿ ಹೊಸ ಕರ್ನಲ್ಲಿಗೂ ಡ್ರೈವರನ್ನು ಮರುಕಟ್ಟುತ್ತದೆ. ಅದಕ್ಕೆ ಆ ಕರ್ನಲ್ಲಿನ ಹೆಡರ್ ಪ್ಯಾಕೇಜ್ ಇರಬೇಕು. ಹೆಡರ್ ಇಲ್ಲದಿದ್ದರೆ ಡ್ರೈವರ್ ತಯಾರಾಗುವುದಿಲ್ಲ, ರೀಬೂಟ್ ಆದ ಮೇಲೆ ವೈಫೈ ಮಾಯ. ಇನ್ನೊಂದು ಸೆಕ್ಯೂರ್ ಬೂಟ್. ಅದು ಚಾಲೂ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಡ್ರೈವರನ್ನು ಒಳಗೆ ಸೇರಿಸುವ ಮಾಡ್‌ಪ್ರೋಬ್ ಕಮಾಂಡ್ ಹೊಡೆದಾಗ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಎಂದು ಬಂದರೆ ಕಾರಣ ಅದೇ. ಉಬುಂಟುವಿನಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ "ಎನ್‌ರೋಲ್ ಎಂಒಕೆ" ಆರಿಸಿ ಅದೇ ಪಾಸ್‌ವರ್ಡ್ ಹಾಕಬೇಕು. ಆ ಪರದೆ ಕೆಲವು ಸೆಕೆಂಡು ಕಾದು ತಾನೇ ಮುಂದೆ ಹೋಗಿಬಿಡುತ್ತದೆ. ಚಹಾ ಕುಡಿಯಲು ಎದ್ದು ಹೋದವರಿಗೆ ಅದು ಸಿಗುವುದಿಲ್ಲ.

ರಿಯಲ್‌ಟೆಕ್ ಕಥೆ ಬೇರೆ. ಡ್ರೈವರ್ ಇದೆ, ಆದರೆ ತಡವಾಗಿ ಬಂತು. 8821ಸಿಇಗೆ ಕರ್ನಲ್ 5.9ರಲ್ಲಿ, 8852ಬಿಇಗೆ 6.2ರಲ್ಲಿ ಬಂತು. ಡೆಬಿಯನ್ 12ರ ಕರ್ನಲ್ 6.1. ಅಂದರೆ 8852ಬಿಇ ಇರುವ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ 12 ಹಾಕಿದರೆ ಕಾರ್ಡ್ ಕಾಣುತ್ತದೆ, ಐಡಿ ಕಾಣುತ್ತದೆ, ಡ್ರೈವರ್ ಸಾಲು ಮಾತ್ರ ಖಾಲಿ. ಹಳೆಯ ಡೆಬಿಯನ್‌ಗೆ ಹೊಸ ಪ್ಯಾಕೇಜ್ ಕೊಡುವ ಬ್ಯಾಕ್‌ಪೋರ್ಟ್ಸ್‌ನಿಂದ ಹೊಸ ಕರ್ನಲ್, ಜೊತೆಗೆ ಹೊಸ ಫರ್ಮ್‌ವೇರ್ ಪ್ಯಾಕೇಜ್ ಎರಡೂ ಹಾಕಬೇಕು. ಕರ್ನಲ್ ಒಂದನ್ನೇ ಏರಿಸಿ ಫರ್ಮ್‌ವೇರ್ ಹಳೆಯದೇ ಬಿಟ್ಟರೆ ತೊಂದರೆ ಒಂದು ಮೆಟ್ಟಿಲು ಮುಂದೆ ಹೋಗುತ್ತದೆ ಅಷ್ಟೇ. ಡೆಬಿಯನ್ 13ರಲ್ಲಿ ಕರ್ನಲ್ 6.12 ಇರುವುದರಿಂದ ಈ ಗೋಜಿಲ್ಲ. ಉಬುಂಟು 22.04 ಶುರುವಾದದ್ದು 5.15ರಿಂದ. ಹೊಸ ಯಂತ್ರಗಳಿಗೆಂದು ಉಬುಂಟು ಕೊಡುವ ಎಚ್‌ಡಬ್ಲ್ಯೂಇ ಕರ್ನಲ್ ಹಾಕಿದರೆ 6.8ಕ್ಕೆ ಏರುತ್ತದೆ. ನಿಮ್ಮದು ಎಷ್ಟನೆಯದು ಎಂದು ಯುನೇಮ್ ಹೈಫನ್ ಆರ್ ಹೇಳುತ್ತದೆ.

ಹಳೆಯ ಕಾಲದಲ್ಲಿ 8821ಸಿಇಗೆ ಹೊರಗಿನ ಡ್ರೈವರ್ ಹಾಕಿಕೊಂಡವರು ಕರ್ನಲ್ ಏರಿಸಿದ ಮೇಲೆ ಅದನ್ನು ತೆಗೆಯಬೇಕು. ಎರಡು ಡ್ರೈವರುಗಳು ಒಂದೇ ಕಾರ್ಡನ್ನು ಹಿಡಿಯಲು ಹೋದರೆ ಕೆಲವು ಬೂಟ್‌ಗಳಲ್ಲಿ ವೈಫೈ ಬರುತ್ತದೆ, ಕೆಲವದರಲ್ಲಿ ಇಲ್ಲ. ಒಮ್ಮೆ ಬಂದು ಒಮ್ಮೆ ಹೋಗುವ ರೋಗಕ್ಕೆ ಇದು ಒಂದು ಕಾರಣ. ಇನ್ನೊಂದು ಎಎಸ್‌ಪಿಎಮ್ ಎಂಬ ವಿದ್ಯುತ್ ಉಳಿತಾಯ. ಪಿಸಿಐಇ ಕೊಂಡಿ ನಿದ್ದೆಗೆ ಜಾರಿ ಕಾರ್ಡ್ ಮತ್ತೆ ಏಳದೆ ಇಡೀ ಯಂತ್ರವೇ ಅಲ್ಲಾಡದೆ ನಿಂತುಬಿಡುವುದುಂಟು. ಇಟಿಸಿ ಫೋಲ್ಡರಿನ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಿನಲ್ಲಿ ಕಾನ್ಫ್ ಎಂದು ಕೊನೆಯಾಗುವ ಒಂದು ಕಡತ ಮಾಡಿ, ಒಂದು ಸಾಲು ಬರೆಯಿರಿ: ಆಪ್ಷನ್ಸ್, ಆರ್‌ಟಿಡಬ್ಲ್ಯೂ88 ಅಂಡರ್‌ಸ್ಕೋರ್ ಪಿಸಿಐ, ಡಿಸೇಬಲ್ ಅಂಡರ್‌ಸ್ಕೋರ್ ಎಎಸ್‌ಪಿಎಮ್ ಈಕ್ವಲ್ಸ್ 1. ಬ್ಯಾಟರಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಕೆಲಸ ನಿಲ್ಲುವುದಿಲ್ಲ.

ರಿಯಲ್‌ಟೆಕ್ 8723ಬಿಇ ಇರುವ ಹಳೆಯ ಎಚ್‌ಪಿ ಲ್ಯಾಪ್‌ಟಾಪ್ ಯಾರ ಹತ್ತಿರವಾದರೂ ಇದ್ದರೆ ಇದನ್ನು ಬರೆದುಕೊಳ್ಳಿ. ವೈಫೈ ಬರುತ್ತದೆ, ಆದರೆ ರೌಟರ್ ಪಕ್ಕದಲ್ಲಿ ಕೂತರೆ ಮಾತ್ರ. ಕೋಣೆ ದಾಟಿದರೆ ಹೋಯಿತು. ಕಾರ್ಡಿಗೆ ಆಂಟೆನಾ ಕೊಂಡಿಗಳು ಎರಡು, ಕಂಪನಿ ಜೋಡಿಸಿದ ಆಂಟೆನಾ ಒಂದೇ. ಯಾವ ಕೊಂಡಿಗೆ ಜೋಡಿಸಿದೆ ಎಂದು ಕಾರ್ಡಿನ ಒಳಗಿನ ಸ್ಮೃತಿಯಲ್ಲಿ ತಪ್ಪಾಗಿ ಬರೆದಿರುವುದರಿಂದ ಡ್ರೈವರ್ ಖಾಲಿ ಕೊಂಡಿಯಲ್ಲಿ ಕೇಳುತ್ತ ಕೂತಿರುತ್ತದೆ. ಮೊದಲು ಹೇಳಿದ ಫೋಲ್ಡರಿನಲ್ಲೇ: ಆಪ್ಷನ್ಸ್, ಆರ್‌ಟಿಎಲ್8723ಬಿಇ, ಎಎನ್‌ಟಿ ಅಂಡರ್‌ಸ್ಕೋರ್ ಎಸ್‌ಇಎಲ್ ಈಕ್ವಲ್ಸ್ 2. ಸುಧಾರಿಸದಿದ್ದರೆ 1 ಹಾಕಿ ನೋಡಿ. ಇಲ್ಲವೇ ಹಿಂಬದಿ ಬಿಚ್ಚಿ ವೈರನ್ನು ಇನ್ನೊಂದು ಕೊಂಡಿಗೆ ಸಿಗಿಸಿದರೂ ಫಲ ಅದೇ.

ಮೀಡಿಯಾಟೆಕ್ ಈಚೆಗೆ ಎಎಮ್‌ಡಿ ಲ್ಯಾಪ್‌ಟಾಪುಗಳಲ್ಲಿ ಹೆಚ್ಚು. ಆರ್‌ಝಡ್608, ಆರ್‌ಝಡ್616 ಎಂದು ಎಎಮ್‌ಡಿ ಹೆಸರಿನಲ್ಲಿ ಬರುವವು ಮೀಡಿಯಾಟೆಕ್ 7921 ಮತ್ತು 7922. 7921ಕ್ಕೆ ಡ್ರೈವರ್ ಬಂದದ್ದು ಕರ್ನಲ್ 5.12ರಲ್ಲಿ, 7922ಕ್ಕೆ 5.16ರಲ್ಲಿ, ವೈಫೈ 7ರ 7925ಕ್ಕೆ 6.7ರಲ್ಲಿ.

ಆರ್‌ಎಫ್‌ಕಿಲ್ ಬಗ್ಗೆ. "ಆರ್‌ಎಫ್‌ಕಿಲ್ ಲಿಸ್ಟ್" ಹೊಡೆದರೆ ಸಾಫ್ಟ್ ಬ್ಲಾಕ್ಡ್, ಹಾರ್ಡ್ ಬ್ಲಾಕ್ಡ್ ಎಂದು ಎರಡು ಸಾಲು ಬರುತ್ತವೆ. ಸಾಫ್ಟ್ "ಯೆಸ್" ಇದ್ದರೆ "ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ" ಸಾಕು. ಹಾರ್ಡ್ "ಯೆಸ್" ಇದ್ದರೆ ಕಮಾಂಡಿನಿಂದ ಆಗುವುದಿಲ್ಲ. ಹಳೆಯ ಯಂತ್ರಗಳ ಬದಿಯಲ್ಲಿ, ಮುಂದುಗಡೆ ಒಂದು ಸಣ್ಣ ಸ್ಲೈಡ್ ಸ್ವಿಚ್ ಇರುತ್ತದೆ, ಅಥವಾ ಎಫ್‌ಎನ್ ಜೊತೆಗೆ ಒತ್ತುವ ಕೀಲಿ. ಸ್ವಿಚ್ಚೇ ಇಲ್ಲದ ಕೆಲವು ಐಡಿಯಾಪ್ಯಾಡ್‌ಗಳಲ್ಲಿ ಐಡಿಯಾಪ್ಯಾಡ್ ಅಂಡರ್‌ಸ್ಕೋರ್ ಲ್ಯಾಪ್‌ಟಾಪ್ ಎಂಬ ಮಾಡ್ಯೂಲ್ ಇಲ್ಲದ ಸ್ವಿಚ್ಚನ್ನು "ಬಂದ್ ಇದೆ" ಎಂದು ಓದುತ್ತದೆ. ಮಾಡ್‌ಪ್ರೋಬ್ ಹೈಫನ್ ಆರ್‌ನಿಂದ ಅದನ್ನು ತೆಗೆದು ನೋಡಿ. ವೈಫೈ ಬಂದರೆ ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ. ಸ್ವಿಚ್ ಮುರಿದ ಹಳೆಯ ಯಂತ್ರದಲ್ಲಿ, ಮಿನಿ ಪಿಸಿಐಇ ಕಾರ್ಡಿನ 20ನೆಯ ಪಿನ್ನಿಗೆ ಕ್ಯಾಪ್ಟಾನ್ ಟೇಪಿನ (ಕರೆಂಟ್ ಹಾಯಿಸದ ಟೇಪು) ಸಣ್ಣ ಚೂರು ಅಂಟಿಸುವುದು ರಿಪೇರಿಯವರ ಹಳೆಯ ಉಪಾಯ. ಬಂದ್ ಮಾಡು ಎಂಬ ಸಂಕೇತ ಬರುವುದು ಆ ಪಿನ್ನಿನ ಮೇಲೆ. ಪಕ್ಕದ ಪಿನ್ನು ಮುಚ್ಚದ ಹಾಗೆ ಕೈ ಗಟ್ಟಿ ಇದ್ದವರು ಮಾತ್ರ ಮಾಡಿ.

ಕಾರ್ಡ್ ಬದಲಿಸುವ ವಿಷಯಕ್ಕೆ ಬರೋಣ. ಅತಿ ಹೆಚ್ಚು ದುಡ್ಡು ನೀರಿಗೆ ಹೋಗುವುದು ಇಲ್ಲೇ. ಎಮ್.2 ಕಾರ್ಡುಗಳು 22 ಮಿಲಿಮೀಟರ್ ಅಗಲ, 30 ಉದ್ದ, ಕೀ (ಕೊಂಡಿಯಲ್ಲಿನ ಕಚ್ಚು) ಎ ಅಥವಾ ಇ. ನೋಡಲು ಎಲ್ಲ ಒಂದೇ. ಆದರೆ ಎಎಕ್ಸ್201, ಎಎಕ್ಸ್211, 9560 ಇವು ಸಿಎನ್‌ವಿಐ ಕಾರ್ಡುಗಳು. ವೈಫೈನ ಅರ್ಧ ಭಾಗ ಇಂಟೆಲ್ ಪ್ರೊಸೆಸರ್ ಅಥವಾ ಚಿಪ್‌ಸೆಟ್ಟಿನ ಒಳಗಿದೆ, ಕಾರ್ಡಿನ ಮೇಲಿರುವುದು ರೇಡಿಯೋ ಭಾಗ ಮಾತ್ರ. ಎಎಮ್‌ಡಿ ಲ್ಯಾಪ್‌ಟಾಪಿಗೆ, ಅಥವಾ ಆ ಸೌಲಭ್ಯ ಇಲ್ಲದ ಹಳೆಯ ಇಂಟೆಲ್‌ಗೆ ಹಾಕಿದರೆ ಎಲ್‌ಎಸ್‌ಪಿಸಿಐನಲ್ಲಿ ಸಾಲೇ ಬರುವುದಿಲ್ಲ. ಕಾರ್ಡ್ ಸತ್ತಿದೆ ಎಂದು ಅಂಗಡಿಯವರ ಜೊತೆ ಜಗಳ ಬೇಡ, ಅದು ಸತ್ತಿಲ್ಲ. ಕೊಳ್ಳುವಾಗ ಎಎಕ್ಸ್200 ಅಥವಾ ಎಎಕ್ಸ್210 ಕೇಳಿ. ಕೊನೆಯ ಅಂಕಿ ಒಂದು ವ್ಯತ್ಯಾಸವಾದರೂ ಬೇರೆಯೇ ವಸ್ತು. ವೈಫೈ 7ರ ಬಿಇ200 ಪಿಸಿಐಇ ಕಾರ್ಡೇ ಆದರೂ ಎಎಮ್‌ಡಿ ಯಂತ್ರಗಳಲ್ಲಿ ನಂಬಿ ಕೊಳ್ಳುವಂತಿಲ್ಲ.

ಹಳೆಯ ಥಿಂಕ್‌ಪ್ಯಾಡ್ ಎಕ್ಸ್230, ಟಿ430 ಕೊಂಡವರಿಗೆ ಇನ್ನೊಂದು ಬೇಲಿ ಇದೆ. ಬಯೋಸ್ ತನ್ನ ಪಟ್ಟಿಯಲ್ಲಿರುವ ಕಾರ್ಡುಗಳನ್ನು ಮಾತ್ರ ಒಪ್ಪುತ್ತದೆ. ಬೇರೆಯದು ಹಾಕಿದರೆ 1802 ಎಂಬ ದೋಷ ತೋರಿಸಿ ಬೂಟ್ ನಿಲ್ಲಿಸುತ್ತದೆ. ಹಳೆಯ ಎಚ್‌ಪಿಗಳಲ್ಲಿ 104. ಇದು ಲಿನಕ್ಸಿಗೆ ಸಂಬಂಧಿಸಿದ್ದಲ್ಲ, ಓಎಸ್ ಶುರುವಾಗುವ ಮೊದಲೇ ಆಗುವುದು. ಥಿಂಕ್‌ಪ್ಯಾಡಿಗೆ ಲೆನೊವೊದ ಎಫ್‌ಆರ್‌ಯು (ಬಿಡಿಭಾಗದ) ನಂಬರ್ ಇರುವ ಇಂಟೆಲ್ 6205 ಅಥವಾ 6300 ಹುಡುಕಿ. ಚಿಪ್ ಅದೇ ಆದರೂ ಬೇರೆ ಕಂಪನಿಯ ಯಂತ್ರದಿಂದ ತೆಗೆದದ್ದು ನಡೆಯುವುದಿಲ್ಲ.

ಬಿಚ್ಚುವ ಕ್ರಮ: ಯಂತ್ರ ಪೂರ್ತಿ ಬಂದ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಆಮೇಲೆ ಕಾರ್ಡಿಗೆ ಕೈ ಹಾಕಿ. ಆಂಟೆನಾ ವೈರುಗಳನ್ನು ನೇರ ಮೇಲಕ್ಕೆ ಎತ್ತಬೇಕು, ವೈರ್ ಹಿಡಿದು ಬದಿಗೆ ಎಳೆಯಬಾರದು. ಮಿನಿ ಪಿಸಿಐಇಯ ಯು.ಎಫ್‌ಎಲ್ ಕೊಂಡಿಗೆ ತಯಾರಕರೇ ಹೇಳುವ ಆಯುಷ್ಯ 30 ಸಲ ಹಾಕಿ ತೆಗೆಯುವಷ್ಟು ಮಾತ್ರ. ಎಮ್.2 ಕಾರ್ಡಿನ ಕೊಂಡಿ ಎಮ್‌ಎಚ್‌ಎಫ್4, ಅದಕ್ಕಿಂತ ಚಿಕ್ಕದು. ಹಳೆಯ ಯಂತ್ರಕ್ಕೆ ಅಡಾಪ್ಟರ್ ಮೂಲಕ ಎಮ್.2 ಕಾರ್ಡ್ ಹಾಕಿ, ಆ ಯಂತ್ರದ ವೈರನ್ನು ಅದಕ್ಕೆ ಒತ್ತಿ ಕೂರಿಸಲು ಹೋದರೆ ಕೊಂಡಿ ಕಿತ್ತು ಬರುತ್ತದೆ. ಹಿಂಬದಿ ಹೇಗೂ ತೆಗೆದಿದ್ದೀರಿ, ನಮ್ಮ ಕಡೆಯ ಕರಿಮಣ್ಣಿನ ಧೂಳು ಫ್ಯಾನಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಬ್ರಶ್‌ನಿಂದ ತೆಗೆದುಬಿಡಿ. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ವೈಫೈ ಬೋರ್ಡಿಗೇ ಬೆಸೆದಿರುತ್ತದೆ. ಅಲ್ಲಿ ಯುಎಸ್‌ಬಿ ಡಾಂಗಲ್ ಬಿಟ್ಟು ಬೇರೆ ದಾರಿ ಇಲ್ಲ.

ಡಾಂಗಲ್ ಕೊಳ್ಳುವಾಗಲೂ ಚಿಪ್ ನೋಡಬೇಕು. ಟಿಪಿ-ಲಿಂಕ್ ಡಬ್ಲ್ಯೂಎನ್722ಎನ್ ಇದಕ್ಕೆ ಪಾಠದಂಥ ಉದಾಹರಣೆ. ಮೊದಲ ಆವೃತ್ತಿಯಲ್ಲಿ ಅಥೆರಾಸ್ 9271, ಎರಡನೆಯ ಆವೃತ್ತಿಯಿಂದ ರಿಯಲ್‌ಟೆಕ್ 8188ಇಯುಎಸ್. ಹೆಸರು ಅದೇ. ಈಗ ಕೊಳ್ಳುವುದಾದರೆ ಮೀಡಿಯಾಟೆಕ್ 7612ಯು ಅಥವಾ 7921ಎಯು ಇರುವುದನ್ನು ಆರಿಸಿ, ಡ್ರೈವರ್ ಕರ್ನಲ್ಲಿನಲ್ಲೇ ಇದೆ. ಕೆಲವು ರಿಯಲ್‌ಟೆಕ್ ಡಾಂಗಲ್‌ಗಳು ಚುಚ್ಚಿದ ಕೂಡಲೇ ಸಿಡಿ ಡ್ರೈವ್ ಎಂದು ವೇಷ ಹಾಕುತ್ತವೆ, ವಿಂಡೋಸ್ ಡ್ರೈವರ್ ಕೊಡಲಿಕ್ಕೆ. ಎಲ್‌ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ ಕೋಲನ್ 1ಎ2ಬಿ ಕಂಡರೆ ಅದೇ. ಯುಎಸ್‌ಬಿ ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ, ಅಥವಾ ಆ ಸಿಡಿಯನ್ನು ಇಜೆಕ್ಟ್ ಮಾಡಿ. ಆಗ ನಿಜವಾದ ಐಡಿ ಕಾಣುತ್ತದೆ.

ಲಿನಕ್ಸ್ ಅಲ್ಲದ ಇನ್ನೊಂದು ಮುಕ್ತ ಓಎಸ್ ಕುಟುಂಬವಾದ ಬಿಎಸ್‌ಡಿ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಓಪನ್‌ಬಿಎಸ್‌ಡಿಯಲ್ಲಿ ಇಂಟೆಲ್ 7260ಯಿಂದ 9560ವರೆಗೆ ಐಡಬ್ಲ್ಯೂಎಮ್, ಎಎಕ್ಸ್ ಸರಣಿಗೆ ಐಡಬ್ಲ್ಯೂಎಕ್ಸ್ ಡ್ರೈವರ್. ಫರ್ಮ್‌ವೇರನ್ನು ಎಫ್‌ಡಬ್ಲ್ಯೂ ಅಂಡರ್‌ಸ್ಕೋರ್ ಅಪ್‌ಡೇಟ್ ಎಂಬ ಕಮಾಂಡ್ ತರುತ್ತದೆ. ಅದಕ್ಕೆ ಇಂಟರ್‌ನೆಟ್ ಬೇಕು, ಆದ್ದರಿಂದ ಮತ್ತೆ ಅದೇ ಫೋನಿನ ಕೇಬಲ್. ಫ್ರೀಬಿಎಸ್‌ಡಿಯಲ್ಲಿ ಇಂಟೆಲ್ ಕಾರ್ಡುಗಳು ಬಹುಕಾಲ ಹಳೆಯ ಕಡಿಮೆ ವೇಗದಲ್ಲೇ ಓಡುತ್ತಿದ್ದವು. 2025ರ 14.3ರಲ್ಲಿ 802.11ಎನ್ ಮತ್ತು ಎಸಿ ವೇಗ ಬಂತು. ಎರಡರಲ್ಲೂ ಬ್ರಾಡ್‌ಕಾಮ್ 43142ರ ಆಸೆ ಬಿಡಿ.

"ಫೋನಿಗೆ ಕಾಣುವ ವೈಫೈ ಲ್ಯಾಪ್‌ಟಾಪಿಗೆ ಕಾಣುವುದಿಲ್ಲ, ಬೇರೆಯವು ಕಾಣುತ್ತವೆ" ಎಂಬುದು ಇನ್ನೊಂದು ಪ್ರಶ್ನೆ. ರೌಟರ್ 12 ಅಥವಾ 13ನೆಯ ಚಾನೆಲ್‌ನಲ್ಲಿ ಇರಬಹುದು. ನಮ್ಮಲ್ಲಿ 13ರವರೆಗೆ ಬಳಸಬಹುದು, ಅಮೆರಿಕದಲ್ಲಿ ಸಾಧಾರಣವಾಗಿ 11ಕ್ಕೇ ನಿಲ್ಲುತ್ತದೆ. ಅಲ್ಲಿಗೆಂದು ತಯಾರಾಗಿ ಇಲ್ಲಿಗೆ ಬಂದ ಸೆಕೆಂಡ್ ಹ್ಯಾಂಡ್ ಯಂತ್ರದ ಕಾರ್ಡಿಗೆ ಮೇಲಿನ ಎರಡು ಚಾನೆಲ್ ಕೇಳಿಸುವುದಿಲ್ಲ. "ಐಡಬ್ಲ್ಯೂ ರೆಗ್ ಸೆಟ್ ಐಎನ್" ಹೊಡೆದು ನೋಡಬಹುದು, ಆದರೆ ಈಚಿನ ಇಂಟೆಲ್ ಕಾರ್ಡುಗಳು ದೇಶವನ್ನು ತಾವೇ ನಿರ್ಧರಿಸುತ್ತವೆ, ನಿಮ್ಮ ಮಾತು ಕೇಳುವುದಿಲ್ಲ. ರೌಟರನ್ನು 1, 6 ಅಥವಾ 11ಕ್ಕೆ ಇಟ್ಟರೆ ಮುಗಿಯಿತು.

ನೆಟ್ ಬರುತ್ತದೆ, ಆದರೆ ತಡವರಿಸುತ್ತದೆ, ಪಿಂಗ್ ಒಮ್ಮೊಮ್ಮೆ ಏರುತ್ತದೆ ಎಂದರೆ ಪವರ್ ಸೇವ್ ನೋಡಿ. ಉಬುಂಟುವಿನಲ್ಲಿ ನೆಟ್‌ವರ್ಕ್‌ಮ್ಯಾನೇಜರಿನ ಕಾನ್ಫ್ ಡಾಟ್ ಡಿ ಫೋಲ್ಡರಿನಲ್ಲಿ ಡಿಫಾಲ್ಟ್ ವೈಫೈ ಪವರ್‌ಸೇವ್ ಆನ್ ಎಂಬ ಕಡತವಿದೆ. ಅದರಲ್ಲಿ 3 ಇದ್ದುದನ್ನು 2 ಮಾಡಿ, ನೆಟ್‌ವರ್ಕ್‌ಮ್ಯಾನೇಜರನ್ನು ರೀಸ್ಟಾರ್ಟ್ ಮಾಡಿ.

ಕೊನೆಯ ಪ್ರಶ್ನೆ, ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಂಡವರದು: ವಿಂಡೋಸ್ ಬಂದ್ ಮಾಡಿ ಲಿನಕ್ಸಿಗೆ ಬಂದರೆ ವೈಫೈ ಇಲ್ಲ, ರೀಸ್ಟಾರ್ಟ್ ಮಾಡಿ ಬಂದರೆ ಇದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ "ಷಟ್‌ಡೌನ್" ಎಂದದ್ದು ಪೂರ್ತಿ ಷಟ್‌ಡೌನ್ ಅಲ್ಲ, ಅರ್ಧ ನಿದ್ದೆ. ಕಾರ್ಡ್ ವಿಂಡೋಸ್ ಬಿಟ್ಟ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತದೆ, ಲಿನಕ್ಸ್ ಡ್ರೈವರ್ ಅದಕ್ಕೆ ಫರ್ಮ್‌ವೇರ್ ತುಂಬಲು ಹೋದಾಗ ಉತ್ತರ ಬರುವುದಿಲ್ಲ. ವಿಂಡೋಸ್‌ನಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ, ಸ್ಲ್ಯಾಶ್ ಎಚ್, ಆಫ್ ಎಂದು ಹೊಡೆಯಿರಿ. ಹೈಬರ್ನೇಟ್ ಕೂಡ ಹೋಗುತ್ತದೆ, ಅದು ಬೇಕಾದವರು ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ಮಾತ್ರ ತೆಗೆಯಿರಿ. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಆ ಟಿಕ್ ಮತ್ತೆ ಬಂದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.